ಲಾಭ, ಎರಡು, ಮೂರು: ಪರದೇಶದ ಠಾಣೆಯಲ್ಲಿ ಸೈನಿಕನ ಮೊದಲ ದಿನಗಳು

(ಪೆರ್ಲ ಸಮೀಪದ ವಾಚನಾಲಯವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಹೊತ್ತು ಮೀರಿತೆಂದು ಕೈಬಿಟ್ಟಿದ್ದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಈ ವಾಚನಾಲಯದವರು ನನ್ನನ್ನು ಮಾತಿಗೆ ಕರೆದಾಗ ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ‘ವಿದೇಶದ ನೆಲದಲ್ಲಿ ನಮ್ಮೂರ ಯೋಧನ ಸಾಹಸಗಾಥೆ’ ಎಂದು ಬರೆದಿದ್ದರು. ಸಾಹಸಗಾಥೆಯನ್ನು ತೆಗೆದು ದಿನಚರಿ ಎಂದು ಹಾಕಿದರೆ ಬರುತ್ತೇನೆ ಎಂದೆ. ಅದನ್ನು ವಿನಯಕ್ಕಾಗಿ ಹೇಳಿದ್ದಲ್ಲ. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ 24 ವರ್ಷ ದುಡಿದ ನಾನು ಅದರಲ್ಲಿ ಒಂದು ವರ್ಷವನ್ನು, 2009ರ ಚಳಿಗಾಲದಿಂದ ಮರುವರ್ಷದ ಚಳಿಗಾಲದವರೆಗೆ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದ ಭಾರತೀಯ ಬೆಟಾಲಿಯನ್ನಿನೊಂದಿಗೆ ದಕ್ಷಿಣ ಲೆಬನಾನಿನಲ್ಲಿ ಕಳೆದೆ. ಆ ವರ್ಷವಿಡೀ ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ. ನಾನು ಮಾಡಿದ ಕೆಲಸವೆಂದರೆ ನೋಡುವುದು, ಕಿವಿಗೊಡುವುದು, ಎಣಿಸುವುದು ಮತ್ತು ಎಣಿಸಿದ್ದನ್ನು ಹೊತ್ತು ಸಮೇತ ಬರೆದಿಡುವುದು. ಇಷ್ಟನ್ನು ಸರಿಯಾಗಿ ಮಾಡಲು ಕಲಿಯುವುದಕ್ಕೆ ಹೊಸದಾಗಿ ಹೋದ ಸೈನಿಕನಿಗೆ ಏನಿಲ್ಲವೆಂದರೂ ಮೂರು ತಿಂಗಳು ಬೇಕು. ನನಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾಯಿತು.

ಕಾಸರಗೋಡಿನಲ್ಲಿ ‘ಫಾರಿನ್’ ಎಂದರೆ ಗಲ್ಫ್ ಎಂದೇ ಅರ್ಥ. ನನ್ನ ಜೊತೆ ಶಾಲೆಗೆ ಹೋದವರಲ್ಲಿ ಬಹಳ ಮಂದಿ ದುಬೈ, ಶಾರ್ಜಾ, ದೋಹಾಗಳಲ್ಲಿ ಅಂಗಡಿಗಳಲ್ಲೋ ಕಚೇರಿಗಳಲ್ಲೋ ದುಡಿದವರು. ನಾನು ಬೈರೂತ್‌ಗೆ ಹೊರಟಿದ್ದೇನೆ ಎಂದಾಗ ನೆರೆಮನೆಯ ಅಬ್ಬಚ್ಚ ಕೇಳಿದ ಮೊದಲ ಪ್ರಶ್ನೆ, “ವೀಸಾ ಯಾರು ತೆಗೆದುಕೊಟ್ಟದ್ದು?” ಎಂದು. ಒಂದು ವರ್ಷ ಕಳೆದು ಹಗ್ಗ ಬಿಗಿದ ಪೆಟ್ಟಿಗೆಯಿಲ್ಲದೆ, ಎರಡು ಬಾಟಲಿ ಆಲಿವ್ ಎಣ್ಣೆ ಮತ್ತು ಒಂದು ಪದಕದೊಂದಿಗೆ ನಾನು ಮರಳಿದಾಗ ಅವರಿಗೆ ಆದ ನಿರಾಸೆ ನನಗೆ ಇನ್ನೂ ಮರೆತುಹೋಗಿಲ್ಲ. ಆದುದರಿಂದ ಗಲ್ಫಿಗೆ ಹೋಗುವುದಕ್ಕೂ ಸೈನಿಕನಾಗಿ ಹೊರದೇಶಕ್ಕೆ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹೇಳಿಬಿಡುತ್ತೇನೆ. ಗಲ್ಫಿಗೆ ಹೋದವನು ಅಲ್ಲಿಯ ಊರೊಳಗೆ ಬದುಕುತ್ತಾನೆ. ಶಾಂತಿಪಾಲಕನಾದರೋ ಊರನ್ನು ದಿನವಿಡೀ ನೋಡುತ್ತಾ ಊರಿನ ಹೊರಗೆ, ತಂತಿಬೇಲಿಯ ಒಳಗೆ ಬದುಕುತ್ತಾನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಲೆಬನಾನಿನ ಈ ಪಡೆ ಹುಟ್ಟಿದ್ದು 1978ರ ಮಾರ್ಚ್‌ನಲ್ಲಿ, ಭದ್ರತಾ ಮಂಡಳಿಯ 425 ಮತ್ತು 426ನೆಯ ನಿರ್ಣಯಗಳಿಂದ. ಅದರ ಪ್ರಧಾನ ಕಚೇರಿ ಇರುವುದು ಕಡಲತಡಿಯ ನಖೂರ ಎಂಬಲ್ಲಿ. ಭಾರತೀಯ ಬೆಟಾಲಿಯನ್ 1998ರಿಂದ ಅಲ್ಲಿದೆ. 2000ದಲ್ಲಿ ಇಸ್ರೇಲಿನ ಸೈನ್ಯ ದಕ್ಷಿಣ ಲೆಬನಾನಿನಿಂದ ಹಿಂದೆ ಸರಿದದ್ದನ್ನು ಖಚಿತಪಡಿಸಿಕೊಳ್ಳಲು ವಿಶ್ವಸಂಸ್ಥೆ ನಕ್ಷೆಯ ಮೇಲೆ ಎಳೆದ ಗೆರೆಯೇ ನೀಲಿ ರೇಖೆ. ಅದರ ಉದ್ದ ಸುಮಾರು 120 ಕಿಲೋಮೀಟರ್. ಅದು ಎರಡು ದೇಶಗಳು ಒಪ್ಪಿಕೊಂಡ ಗಡಿಯಲ್ಲ, ಹಿಂದೆ ಸರಿದದ್ದನ್ನು ಅಳೆಯುವ ಗೆರೆ ಮಾತ್ರ. 2006ರ ಯುದ್ಧದ ಬಳಿಕ 1701ನೆಯ ನಿರ್ಣಯದ ಮೂಲಕ ಪಡೆಯ ಗಾತ್ರವನ್ನು 15,000ದವರೆಗೆ ಹೆಚ್ಚಿಸಲು ಅನುಮತಿ ದೊರೆಯಿತು. ನಾವು ಹೋದದ್ದು ಆ ಯುದ್ಧ ಮುಗಿದು ಮೂರು ವರ್ಷಗಳಾದ ಮೇಲೆ.

ಈ ಬಗೆಯ ಕೆಲಸದಲ್ಲಿ ನಮ್ಮ ನೆರೆಯ ಕೊಡಗಿನ ಹೆಸರು ಬಹಳ ಹಿಂದೆಯೇ ಇದೆ. ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಲೇವಾರಿಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ನಿವೃತ್ತಿಯ ಬಳಿಕ 1964ರಲ್ಲಿ ಸೈಪ್ರಸ್ಸಿನ ಶಾಂತಿಪಡೆಯ ದಂಡನಾಯಕರಾಗಿ ಹೋಗಿ, 1965ರ ಡಿಸೆಂಬರ್ 18ರಂದು ಅಲ್ಲಿಯೇ, ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಲಾರ್ನಾಕಾ ನಗರದ ಒಂದು ರಸ್ತೆಗೆ ಇಂದಿಗೂ ಅವರ ಹೆಸರಿದೆ. ಲೆಬನಾನಿನ ಕರಾವಳಿಯಿಂದ ಸೈಪ್ರಸ್ ದೂರವೇನಲ್ಲ. ಆ ದಿಕ್ಕಿನ ಕಡಲನ್ನು ಮೊದಲ ಸಲ ನೋಡಿದಾಗ, ಮಡಿಕೇರಿಯಲ್ಲಿ ಹುಟ್ಟಿದವರೊಬ್ಬರು ಆ ನೀರಿನ ಆಚೆ ಕೊನೆಯುಸಿರೆಳೆದರು ಎಂಬುದು ನನ್ನ ಮನಸ್ಸಿಗೆ ಬಂದಿತ್ತು.

ಹೊರಡುವ ಮೊದಲು ಇಡೀ ತಂಡಕ್ಕೆ ದೆಹಲಿಯಲ್ಲಿ ತರಬೇತಿ ಇರುತ್ತದೆ. ಬಲಪ್ರಯೋಗ ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು ಎಂಬ ನಿಯಮಗಳನ್ನು ಅಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಕಾಶ್ಮೀರದಲ್ಲೋ ಈಶಾನ್ಯದಲ್ಲೋ ಇದ್ದು ಬಂದವನಿಗೆ ಅತ್ಯಂತ ಕಷ್ಟವಾಗುವ ಪಾಠವೇ ಇದು. ಏಕೆಂದರೆ ಅಲ್ಲಿ ಅನುಮಾನಾಸ್ಪದವಾದುದನ್ನು ಕಂಡೊಡನೆ ಮುಂದೆ ನುಗ್ಗಬೇಕು, ಇಲ್ಲಿ ಕಂಡೊಡನೆ ನಿಂತು ಬರೆದುಕೊಳ್ಳಬೇಕು. ಅಲ್ಲಿ ಮರೆಯಾಗಿ ನಿಲ್ಲುವುದು ವಿದ್ಯೆ. ಇಲ್ಲಿ ಬಿಳಿ ಬಣ್ಣದ ಗಾಡಿ, ನೀಲಿ ಟೋಪಿ, ರಾತ್ರಿಯೆಲ್ಲ ಬೆಳಕು ಬಿಟ್ಟಿರುವ ಧ್ವಜ. ಎಲ್ಲರಿಗೂ ಕಾಣಿಸುವಂತೆ ನಿಲ್ಲುವುದೇ ಇಲ್ಲಿಯ ಕೆಲಸದ ಅರ್ಧ ಪಾಲು. ಹದಿನೈದು ವರ್ಷ ಮರೆಯಲ್ಲಿ ನಿಂತು ಅಭ್ಯಾಸವಾದ ಮೈಗೆ ಈ ಬಯಲು ಮೊದಮೊದಲು ಬಟ್ಟೆಯಿಲ್ಲದೆ ನಿಂತಂತೆ ಅನಿಸುತ್ತದೆ.

ಬೈರೂತ್‌ನಲ್ಲಿ ಇಳಿದು ಬಸ್ಸಿನಲ್ಲಿ ದಕ್ಷಿಣಕ್ಕೆ ಹೊರಟೆವು. ಸೈದಾ ಪಟ್ಟಣದವರೆಗೆ ಬಲಗಡೆ ಕಡಲು. ಅಲ್ಲಿಂದ ಒಳನಾಡಿಗೆ ತಿರುಗಿ ನಬತಿಯೆಯನ್ನು ದಾಟಿದರೆ ಖರ್ದಲಿ ಎಂಬಲ್ಲಿ ಲಿತಾನಿ ನದಿ ಅಡ್ಡ ಬರುತ್ತದೆ. ಆ ಸೇತುವೆಯನ್ನು ದಾಟಿ ಏರು ಹತ್ತಿದರೆ ಮರ್ಜಯೂನ್, ಅದರಾಚೆ ನಮ್ಮ ಬೆಟಾಲಿಯನ್ ಇದ್ದ ಇಬಲ್ ಅಸ್ಸಖಿ. ಪೂರ್ವಕ್ಕೆ 2,814 ಮೀಟರ್ ಎತ್ತರದ ಹರ್ಮೋನ್ ಪರ್ವತ, ತಲೆಯ ಮೇಲೆ ಹಿಮ. ನದಿ ಕಂಡಾಗ ಪಕ್ಕದಲ್ಲಿದ್ದ ಹುಡುಗನೊಬ್ಬ, “ಇಷ್ಟೇನಾ?” ಎಂದ. ನಮ್ಮ ಚಂದ್ರಗಿರಿ ಹೊಳೆಯನ್ನು ಮಳೆಗಾಲದಲ್ಲಿ ಕಂಡವನಿಗೆ ಅದು ತೋಡಿನ ಹಾಗೆ ಕಾಣುವುದು ಸಹಜ. ಆದರೆ ಆ ತೋಡಿನಂಥ ಹೊಳೆಗೂ ನೀಲಿ ರೇಖೆಗೂ ನಡುವಿನ ನೆಲವೇ 1701ನೆಯ ನಿರ್ಣಯದ ಪ್ರಕಾರ ನಾವು ಕಣ್ಣಿಡಬೇಕಾದ ಪ್ರದೇಶವಾಗಿತ್ತು.

ಮೊದಲ ಬೆಳಗ್ಗೆ ಹೇಳಿಕೊಟ್ಟ ಪಾಠ ಕಾಲಿನದು. ಡಾಂಬರು ಅಥವಾ ಗುರುತು ಹಾಕಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡಬಾರದು, ಮೂತ್ರಕ್ಕೆ ಕೂಡ. 2006ರ ಯುದ್ಧದಲ್ಲಿ ಸುರಿದ ಗೊಂಚಲು ಬಾಂಬುಗಳಲ್ಲಿ ಸಿಡಿಯದೆ ಉಳಿದ ಮರಿಗಳು ಹೊಲದಲ್ಲಿ, ಆಲಿವ್ ತೋಟದಲ್ಲಿ, ಕಲ್ಲಿನ ಕಟ್ಟೆಯ ಸಂದಿನಲ್ಲಿ ಇನ್ನೂ ಬಿದ್ದಿದ್ದವು. ನೆಲಬಾಂಬು ತೆಗೆಯುವವರು ಕಲ್ಲುಗಳಿಗೆ ಒಂದು ಬದಿ ಬಿಳಿ, ಇನ್ನೊಂದು ಬದಿ ಕೆಂಪು ಬಳಿದಿಟ್ಟಿದ್ದರು. ಕೆಂಪು ನೋಡುತ್ತಿರುವ ಕಡೆ ಅಪಾಯ. ಹಳ್ಳಿಯಲ್ಲಿ ಬೆಳೆದ ನಮ್ಮಂಥವರ ಕಾಲು ರಸ್ತೆಗಿಂತ ಗುಡ್ಡದ ಒಳದಾರಿಯನ್ನೇ ಹುಡುಕುವ ಜಾತಿಯದು. ಆ ಅಭ್ಯಾಸವನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು. ಊರಿಗೆ ಮರಳಿದ ಮೇಲೆ ತೋಟಕ್ಕೆ ಇಳಿಯುವಾಗ ನನ್ನ ಕಾಲು ಅರೆಕ್ಷಣ ತಡೆಯುತ್ತಿತ್ತು. ಹೆಂಡತಿ ಅದನ್ನು ಗಮನಿಸಿ, ಮಂಡಿ ನೋವೇ ಎಂದು ಕೇಳಿದಳು. ಹೌದು ಎಂದೆ.

ಇನ್ನು ಕೆಲಸದ ವಿಷಯ. ಹೋದ ಮೊದಲ ವಾರದಲ್ಲಿ ನಡೆದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಆ ವರ್ಷದ ಎಲ್ಲ ವಿದ್ಯೆಯೂ ಅಲ್ಲಿಂದಲೇ ಶುರುವಾದದ್ದು. ನನ್ನನ್ನು ಗುಡ್ಡದ ಮೇಲಿನ ಒಂದು ಠಾಣೆಯ ರೇಡಿಯೋ ಕೋಣೆಗೆ ಹಾಕಿದ್ದರು. ಕಾವಲು ಗೋಪುರದಲ್ಲಿದ್ದ ಸಂತ್ರಿ ಕಂಡದ್ದನ್ನು ಟೆಲಿಫೋನಿನಲ್ಲಿ ನನಗೆ ಹೇಳಬೇಕು, ನಾನು ಅದನ್ನು ಲಾಗ್ ಪುಸ್ತಕದಲ್ಲಿ ಬರೆದು ಬೆಟಾಲಿಯನ್ನಿಗೆ ತಿಳಿಸಬೇಕು. ಬೆಳಗ್ಗೆ ಎಂಟರ ಹೊತ್ತಿಗೆ ಸಂತ್ರಿ, “ಒಬ್ಬ ಮನುಷ್ಯ, ಒಂದಷ್ಟು ಆಡು, ಗೆರೆಯ ಕಡೆಗೆ ಹೋಗುತ್ತಿದ್ದಾನೆ” ಎಂದ. ನಾನು, ‘ಆಡು ಮೇಯಿಸುವವ ಒಬ್ಬ, ಆಡು ಸುಮಾರು 40’ ಎಂದು ಬರೆದು ಕಳಿಸಿದೆ. ಅರ್ಧ ಗಂಟೆಯ ಬಳಿಕ ಸುಬೇದಾರ್ ಸಾಬ್ ಬಂದರು. ಅವರು ಅದಕ್ಕೆ ಮೊದಲು ಕಾಂಗೋದಲ್ಲಿ ಒಂದು ವರ್ಷ ಇದ್ದು ಬಂದವರು. ಪುಸ್ತಕವನ್ನು ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟು, “ಈ ‘ಸುಮಾರು’ ಎಂಬವನು ಯಾರು? ನಮ್ಮ ಕಂಪನಿಯಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ” ಎಂದು ಕೇಳಿದರು. ನನಗಿಂತ ಕಿರಿಯನೊಬ್ಬನನ್ನು ರೇಡಿಯೋದ ಮುಂದೆ ಕೂರಿಸಿ, ನನ್ನನ್ನು ಗೋಪುರಕ್ಕೆ ಹತ್ತಿಸಿ, ದುರ್ಬೀನನ್ನು ಕೈಗೆ ಕೊಟ್ಟು ಎಣಿಸಲು ಹೇಳಿದರು.

ಆಡುಗಳನ್ನು ದೂರದಿಂದ ಎಣಿಸಲು ಯತ್ನಿಸಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಅವು ನಿಲ್ಲುವುದಿಲ್ಲ, ಪೊದೆಯ ಹಿಂದೆ ಹೋದದ್ದು ಅದೇ ರೂಪದಲ್ಲಿ ಹೊರಗೆ ಬರುವುದಿಲ್ಲ, ಕಪ್ಪು ಕಲ್ಲು ಕಪ್ಪು ಆಡಿನಂತೆಯೇ ಕಾಣುತ್ತದೆ. ಮೂರು ಸಲ ಎಣಿಸಿದಾಗ ಮೂರು ಲೆಕ್ಕ ಬಂತು. ನಾಲ್ಕನೆಯ ಸಲ ನಾನು ನನಗರಿವಿಲ್ಲದೆ ಅಜ್ಜ ತೆಂಗಿನಕಾಯಿ ಎಣಿಸುತ್ತಿದ್ದ ಹಾಗೆ ಬಾಯಿಬಿಟ್ಟು “ಲಾಭ, ಎರಡು, ಮೂರು” ಎಂದು ಶುರುಮಾಡಿದೆ. ಸುಬೇದಾರ್ ಸಾಬ್‌ಗೆ ಕನ್ನಡ ಬಾರದು. ಆದರೆ ‘ಲಾಭ’ ಎಂಬ ಶಬ್ದ ಅವರಿಗೂ ಗೊತ್ತು. “ಯಾರಿಗೆ ಲಾಭ?” ಎಂದು ಕೇಳಿದರು. ನಮ್ಮ ಊರಿನಲ್ಲಿ ಕಾಯಿಯನ್ನಾಗಲಿ ಭತ್ತವನ್ನಾಗಲಿ ಎಣಿಸುವಾಗ ಒಂದು ಎನ್ನದೆ ಲಾಭ ಎನ್ನುವುದು ಪದ್ಧತಿ ಎಂದೆ. ಅವರು ನಗಲಿಲ್ಲ. “ಸರಿ, ಲಾಭದಿಂದಲೇ ಎಣಿಸು, ಆದರೆ ಐದೈದರ ಗುಂಪು ಮಾಡಿಕೋ, ಬಣ್ಣ ಬೇರೆ ಬೇರೆ ಎಣಿಸು” ಎಂದರು. ಕಪ್ಪು 31, ಕಂದು 9, ಬಿಳಿ ಮಚ್ಚೆಯವು 3. ಒಟ್ಟು 43. ಮನುಷ್ಯನ ವಯಸ್ಸು ಅಂದಾಜು, ತಲೆಗೆ ಬಿಳಿ ಬಟ್ಟೆ, ಕೈಯಲ್ಲಿ ಕೋಲು, ಆಯುಧವಿಲ್ಲ, ಗೆರೆಯ ಗುರುತಿಗೆ ಇಟ್ಟ ಯಾವ ನೀಲಿ ಪೀಪಾಯಿಯಿಂದ ಎಷ್ಟು ಮೀಟರ್, ಯಾವ ದಿಕ್ಕಿಗೆ, ಹೊತ್ತು ಎಷ್ಟು. ಇಷ್ಟು ಬರೆಯಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು.

ಸಂಜೆ ಅದೇ ಹಿಂಡು ಮರಳಿತು. ಈ ಬಾರಿ 42. ಮಚ್ಚೆಯವು ಎರಡೇ. ಮರುದಿನ ಆ ಮನುಷ್ಯ ಠಾಣೆಯ ಬಾಗಿಲಿಗೆ ಬಂದು ದೊಡ್ಡ ದನಿಯಲ್ಲಿ ಏನನ್ನೋ ಹೇಳತೊಡಗಿದ. ದುಭಾಷಿ ಬಂದ ಮೇಲೆ ಗೊತ್ತಾದದ್ದು ಇಷ್ಟು: ಅವನ ಒಂದು ಆಡು ಗೆರೆಯ ಆಚೆ ಉಳಿದುಬಿಟ್ಟಿದೆ, ತಾನು ಮಾತ್ರ ದಾಟಿಲ್ಲ ಎಂದು ಅವನ ವಾದ. ಆ ಭಾಗದಲ್ಲಿ ಆಡು ಮೇಯಿಸುವವರು ಗೆರೆ ದಾಟುವುದು, ಹಿಡಿಯಲ್ಪಡುವುದು, ಬಿಡಿಸಿಕೊಳ್ಳಲ್ಪಡುವುದು ಆಗಾಗ ನಡೆಯುವ ವಿಷಯ. ಹುಲ್ಲಿಗೆ ಗೆರೆ ಗೊತ್ತಿಲ್ಲ, ಆಡಿಗೆ ಮೊದಲೇ ಗೊತ್ತಿಲ್ಲ. ನಮ್ಮ ಪುಸ್ತಕದಲ್ಲಿ ಅವನು ಯಾವ ಹೊತ್ತಿಗೆ ಎಲ್ಲಿದ್ದ, ಹೋಗುವಾಗ ಮಚ್ಚೆಯ ಆಡು ಎಷ್ಟು, ಬರುವಾಗ ಎಷ್ಟು ಎಂಬುದೆಲ್ಲ ಇತ್ತು. ಸಂಪರ್ಕಾಧಿಕಾರಿ ಅದನ್ನು ನಕಲು ಮಾಡಿಕೊಂಡು ಹೋದರು. ಆಡು ಮರಳಿ ಬಂತೇ ಇಲ್ಲವೇ ಎಂಬುದು ಕೊನೆಗೂ ನನಗೆ ತಿಳಿಯಲಿಲ್ಲ. ನಖೂರದಲ್ಲಿ ಲೆಬನಾನ್ ಮತ್ತು ಇಸ್ರೇಲಿನ ಸೇನಾಧಿಕಾರಿಗಳು ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರೊಂದಿಗೆ ಒಂದೇ ಕೋಣೆಯಲ್ಲಿ ಕೂರುತ್ತಿದ್ದ ತ್ರಿಪಕ್ಷೀಯ ಸಭೆಯ ಬಗ್ಗೆ ಓದುವಾಗಲೆಲ್ಲ ಅಷ್ಟು ದೊಡ್ಡವರ ಮೇಜಿನ ಮೇಲೆ ಎಂದಾದರೂ ನನ್ನ ಆ ಮಚ್ಚೆಯ ಆಡೂ ಹತ್ತಿ ಕುಳಿತಿರಬಹುದೇ ಎಂದು ಯೋಚಿಸಿದ್ದುಂಟು.

ನೆಲವನ್ನು ನೋಡಿದಂತೆಯೇ ಆಕಾಶವನ್ನೂ ಕೇಳಬೇಕಾಗಿತ್ತು. ಗೆರೆಯ ಮೇಲಿನ ಆಕಾಶವೂ ಗೆರೆಯ ಭಾಗವೇ. ದಾಟಿ ಬರುವ ವಿಮಾನ, ಡ್ರೋನ್ ಪ್ರತಿಯೊಂದೂ ಉಲ್ಲಂಘನೆ, ಪ್ರತಿಯೊಂದೂ ದಾಖಲೆಯಾಗಬೇಕು. ಡ್ರೋನಿನ ಆ ಒಂದೇ ಸಮನೆಯ ಗುಂಯ್ ಎಂಬ ಸದ್ದಿಗೆ ಅಲ್ಲಿಯ ಜನರು ‘ಉಮ್ಮ್ ಕಾಮಿಲ್’, ಅಂದರೆ ಕಾಮಿಲನ ಅಮ್ಮ, ಎಂದು ಹೆಸರಿಟ್ಟಿದ್ದರು, ‘ಎಂ.ಕೆ.’ ಎಂಬ ಅದರ ಮಾದರಿಯ ಹೆಸರನ್ನು ಹಾಗೆ ಎಳೆದು ಮಾಡಿದ ತಮಾಷೆ ಅದು. ನನ್ನೊಂದಿಗಿದ್ದವರಿಗೆ ಆ ಸದ್ದು ಮೂರನೆಯ ದಿನಕ್ಕೆ ಅಭ್ಯಾಸವಾಯಿತು, ನನಗೆ ಆಗಲಿಲ್ಲ. ಅದರ ಕಾರಣ ಲೆಬನಾನಿನಲ್ಲಿಲ್ಲ, ನಮ್ಮ ಎಣ್ಮಕಜೆ ಪಂಚಾಯತಿನಲ್ಲಿದೆ. ನಾವು ಚಿಕ್ಕವರಿದ್ದಾಗ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದರು. ಆ ಸದ್ದು ಕೇಳಿದೊಡನೆ ಅಮ್ಮ ಬಾವಿಗೆ ಸೋಗೆ ಮುಚ್ಚಲು ಓಡುತ್ತಿದ್ದಳು, ನಾವು ಮಾತ್ರ ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ಅದರಿಂದ ನಮ್ಮ ಊರಿಗೆ ಏನಾಯಿತೆಂದು ಈ ಸಭೆಗೆ ನಾನು ಹೇಳಬೇಕಾದ್ದಿಲ್ಲ. ಲೆಬನಾನಿನ ಹಳ್ಳಿಯಲ್ಲಿ ಮಕ್ಕಳು ಡ್ರೋನಿನ ಸದ್ದಿಗೆ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವುದನ್ನು ದುರ್ಬೀನಿನಲ್ಲಿ ಕಂಡಾಗ ನನಗೆ ಲಾಗ್ ಪುಸ್ತಕದ ಆ ಸಾಲನ್ನು ಬೇರೆಯವರು ಬರೆದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು.

ಭಾಷೆಯ ವಿಷಯಕ್ಕೆ ಬಂದರೆ, ಕಾಸರಗೋಡಿನವನಾದುದರಿಂದ ನನಗೆ ಸಿಕ್ಕಿದ ಲಾಭ ಅದೊಂದೇ ಎನ್ನಬೇಕು. ನಮ್ಮ ವಲಯದ ಮೇಲಿನ ಕಚೇರಿ ಮರ್ಜಯೂನ್‌ನಲ್ಲಿ ಸ್ಪೇನಿನವರ ಕೈಯಲ್ಲಿತ್ತು. ರೇಡಿಯೋದಲ್ಲಿ ಎಲ್ಲರೂ ಆಡುವುದು ಇಂಗ್ಲಿಷೇ, ಆದರೆ ಸ್ಪೇನಿನವರ ಇಂಗ್ಲಿಷ್, ನೇಪಾಳದವರ ಇಂಗ್ಲಿಷ್, ಇಂಡೋನೇಷ್ಯಾದವರ ಇಂಗ್ಲಿಷ್ ಒಂದಕ್ಕೊಂದು ಸಂಬಂಧವಿಲ್ಲದವು. ಮೊದಲ ದಿನಗಳಲ್ಲಿ ನಾನು “ಸೇ ಅಗೇನ್” ಎಂದು ಎಷ್ಟು ಸಲ ಕೇಳಿದೆನೋ, ಆಚೆಯವರು ಅದೇ ಮಾತನ್ನು ಅಷ್ಟೇ ಸಲ ನನಗೆ ಕೇಳಿದರು. ಹತ್ತು ದಿನಗಳಲ್ಲಿ ಕಿವಿ ಒಗ್ಗಿತು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಬಸ್ಸಿನಲ್ಲಿ ಮತ್ತೊಂದು, ಗದ್ದೆಯಲ್ಲಿ ಮಗದೊಂದು ಭಾಷೆ ಕೇಳಿ ಬೆಳೆದವನ ಕಿವಿ ಶಬ್ದಕ್ಕಿಂತ ಮೊದಲು ರಾಗವನ್ನು ಹಿಡಿಯುತ್ತದೆ. ಅರಬ್ಬಿಯಲ್ಲಿ ನನಗೆ ಬರುತ್ತಿದ್ದುದು ಇಪ್ಪತ್ತು ಮೂವತ್ತು ಪದಗಳು ಮಾತ್ರ. ‘ಸಬಾಹ್ ಅಲ್ ಖೈರ್’ ಎಂದು ಬೆಳಗ್ಗೆ ಹೇಳಿದರೆ ‘ಸಬಾಹ್ ಅನ್ನೂರ್’ ಎಂದು ಉತ್ತರ ಬರಬೇಕು, ಬಾರದಿದ್ದರೆ ಆ ದಿನ ಊರಿನಲ್ಲಿ ಏನೋ ಸರಿಯಿಲ್ಲ. ಅದನ್ನೂ ಗಮನಿಸಬೇಕಿತ್ತು. ಗಸ್ತು ಮುಗಿಸಿ ಬಂದ ಜವಾನನನ್ನು ಸುಬೇದಾರ್ ಸಾಬ್ ಕೇಳುತ್ತಿದ್ದುದು ಬಂದೂಕುಗಳ ಬಗ್ಗೆ ಅಲ್ಲ. ಅಂಗಡಿ ತೆರೆದಿತ್ತೇ, ಮಕ್ಕಳು ಶಾಲೆಗೆ ಹೋದರೇ, ಯಾರಾದರೂ ಮುಖ ತಿರುಗಿಸಿದರೇ ಎಂದು.

ಆ ಸೀಮೆಯ ಹಳ್ಳಿಗಳ ಬೆರಕೆಯೂ ನನಗೆ ಹೊಸದಾಗಿ ತೋರಲಿಲ್ಲ. ಹಾಸ್ಬಯಾದಲ್ಲಿ ದ್ರೂಸರು, ಶೆಬಾದಲ್ಲಿ ಸುನ್ನಿಗಳು, ಖಿಯಾಮ್‌ನಲ್ಲಿ ಶಿಯಾಗಳು, ಮರ್ಜಯೂನ್‌ನಲ್ಲಿ ಕ್ರೈಸ್ತರು; ಎಲ್ಲವೂ ಒಂದೇ ಬೆಟ್ಟದ ಸುತ್ತ. ಯಾರ ಮನೆಗೆ ಹೋದರೂ ಕೈಗೆ ಬರುತ್ತಿದ್ದುದು ಏಲಕ್ಕಿ ಹಾಕಿದ, ಹಾಲಿಲ್ಲದ, ಮೂರು ಗುಟುಕಿನ ಕಾಫಿ. ಅದನ್ನು ಬೇಡವೆನ್ನುವುದು ಅವಮರ್ಯಾದೆ. ಒಂದು ಮನೆಯಲ್ಲಿ ಕುಡಿದು ಪಕ್ಕದ ಮನೆಯಲ್ಲಿ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಭಾರತೀಯ ಬೆಟಾಲಿಯನ್ನಿಗೆ ಅಲ್ಲಿ ಸಿಕ್ಕಿದ ಪ್ರೀತಿಗೆ ಒಂದು ಮುಖ್ಯ ಕಾರಣ ನಮ್ಮ ಪಶುವೈದ್ಯರು. ಬೇರೆ ಯಾವ ಕೆಲಸಕ್ಕಿಂತಲೂ ಹೆಚ್ಚಾಗಿ, ಆಡು ಹಸುಗಳಿಗೆ ಮದ್ದು ಕೊಡುವ ಶಿಬಿರದ ದಿನ ಜನ ತಾವಾಗಿ ಬಂದು ಮಾತಾಡುತ್ತಿದ್ದರು. ಅಲ್ಲಿಯ ದೊಡ್ಡ ಗಾತ್ರದ ಹಸುಗಳನ್ನು ಕಂಡಾಗ ನಾನು ನಮ್ಮ ಕಾಸರಗೋಡು ಗಿಡ್ಡ ತಳಿಯ ಎತ್ತರವನ್ನು ಕೈಯಿಂದ ತೋರಿಸಿದೆ. ಅವರು ಅದು ಕರು ಎಂದು ತಿಳಿದುಕೊಂಡರು. ಪೂರ್ಣ ಬೆಳೆದದ್ದೇ ಇಷ್ಟು ಎಂದು ನಂಬಿಸಲು ನನ್ನ ಅರಬ್ಬಿ ಸಾಲಲಿಲ್ಲ.

ಊಟ, ಚಳಿ, ಹಣ ಇವುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲಂಗರಿನಲ್ಲಿ ರೊಟ್ಟಿ, ದಾಲ್, ಬೆಳ್ತಿಗೆ ಅನ್ನ ಎಲ್ಲವೂ ಹೊಟ್ಟೆ ತುಂಬ ಇತ್ತು. ಕುಚ್ಚಿಲಕ್ಕಿಯ ಗಂಜಿ ಇರಲಿಲ್ಲ. ಚಳಿಗಾಲದಲ್ಲಿ ಗೋಪುರದ ರಾತ್ರಿ ಪಾಳಿಯೆಂದರೆ ಮೈಮೇಲೆ ಇದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡ ಮೇಲೂ ಬೆರಳು ಸೆಟೆಯುತ್ತಿತ್ತು. ಹಣದ ಬಗ್ಗೆ ಊರಿನಲ್ಲಿ ಬಹಳ ತಪ್ಪು ಕಲ್ಪನೆ ಇರುವುದರಿಂದ ಒಂದು ಮಾತು: ವಿಶ್ವಸಂಸ್ಥೆ ಪ್ರತಿ ಸೈನಿಕನಿಗೆ ಇಂತಿಷ್ಟು ಎಂದು ಕೊಡುವ ತಿಂಗಳ ಮೊತ್ತ, ನಾನಿದ್ದಾಗ 1,028 ಡಾಲರ್, 2018ರಲ್ಲಿ 1,428 ಡಾಲರ್ ಆದದ್ದು, ಸಂದಾಯವಾಗುವುದು ಸರ್ಕಾರಕ್ಕೆ. ಸೈನಿಕನ ಕೈಗೆ ವಿಶ್ವಸಂಸ್ಥೆಯಿಂದ ನೇರವಾಗಿ ಬರುವ ದಿನಭತ್ಯೆ 1.28 ಡಾಲರ್. ನಮ್ಮ ಸರ್ಕಾರ ಕೊಡುವ ಸಂಬಳ ಮತ್ತು ಹೊರದೇಶದ ಭತ್ಯೆ ಅದರ ಹೊರತಾದದ್ದು. ಅಬ್ಬಚ್ಚನಿಗೆ ಇದನ್ನು ವಿವರಿಸಿದಾಗ ಅವರು, “ಹಾಗಾದರೆ ನನ್ನ ಕಂಪನಿಯೇ ವಾಸಿ” ಎಂದರು.

ಹೊಸಬನಿಗೆ ನಿಜವಾಗಿ ಕಷ್ಟವಾಗುವುದು ಫೋನು. ಗುಂಡಿನ ಸದ್ದಿಗಿಂತ ಹೆಚ್ಚಾಗಿ ಫೋನಿನ ಬಳಿಕದ ಮೌನ ಮನುಷ್ಯನನ್ನು ಕುಗ್ಗಿಸುತ್ತದೆ ಎಂದು ನಾನು ಹೇಳುವಾಗ ಅತಿಶಯೋಕ್ತಿಯ ಮಾತಾಡುತ್ತಿಲ್ಲ. ಚಳಿಗಾಲದಲ್ಲಿ ಲೆಬನಾನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ. ನಮ್ಮ ಮಳೆಗಾಲದ ದಿನಗಳಲ್ಲಿ ಪಾಳಿ ಮುಗಿಸಿ, ಸರದಿಯಲ್ಲಿ ನಿಂತು, ರಾತ್ರಿ ಎಂಟಕ್ಕೆ ನಂಬರು ಒತ್ತಿದರೆ ಪೆರ್ಲದಲ್ಲಿ ಹತ್ತೂವರೆ. ಮಕ್ಕಳು ಮಲಗಿರುತ್ತಾರೆ. ಹೆಂಡತಿ ನಿದ್ದೆಗಣ್ಣಿನಲ್ಲಿ, “ಅಡಿಕೆಗೆ ಮದ್ದು ಬಿಡುವವರು ಈ ವಾರವೂ ಬರಲಿಲ್ಲ, ಮಳೆ ಬಿಡುತ್ತಿಲ್ಲ, ಕೊಳೆರೋಗ ಶುರುವಾಗಿದೆ” ಎನ್ನುತ್ತಾಳೆ. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕುಳಿತು ಮೈಲುತುತ್ತು ಮತ್ತು ಸುಣ್ಣದ ಪ್ರಮಾಣ ಹೇಳಿ ಏನು ಪ್ರಯೋಜನ? ಆದರೂ ಹೇಳುತ್ತೇವೆ. ಅವಳು ಕೇಳುತ್ತಾಳೆ. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರು ಹೇಳಿ ಇನ್ನೊಬ್ಬರು ಕೇಳುವುದರಲ್ಲಿಯೇ ಐದು ನಿಮಿಷ ಮುಗಿಯುತ್ತದೆ. ಈಚೆ ಏನು ನಡೆಯುತ್ತಿದೆ ಎಂದು ಹೇಳುವಂತಿಲ್ಲ, ಹೇಳಿದರೆ ಅವಳಿಗೆ ನಿದ್ದೆಯಿಲ್ಲ. ಏನೂ ನಡೆಯುತ್ತಿಲ್ಲ ಎಂದರೆ ಅವಳು ನಂಬುವುದಿಲ್ಲ.

ಅಜ್ಜಿ ತೀರಿಕೊಂಡದ್ದು ನಾನು ಹೋಗಿ ಎರಡು ತಿಂಗಳಾದಾಗ. ಸುದ್ದಿ ನನ್ನದೇ ರೇಡಿಯೋ ಕೋಣೆಗೆ, ಬೆಟಾಲಿಯನ್ನಿನಿಂದ, ಮಾಮೂಲಿ ಸಂದೇಶಗಳ ನಡುವೆ ಬಂತು. ನಾನು ಅಭ್ಯಾಸಬಲದಿಂದ ಹೊತ್ತು ಬರೆದು, ಸಂದೇಶ ಬರೆದು, ಪಡೆದವನ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು, ಯಾರಿಗೆ ತಲುಪಿಸಬೇಕು ಎಂಬ ಜಾಗದಲ್ಲೂ ನನ್ನ ಹೆಸರನ್ನೇ ಬರೆದೆ. ಅಜ್ಜಿಯ ಸಾವಿಗೆ ರಜೆ ಸಿಗುವ ನಿಯಮ ಇರಲಿಲ್ಲ. ಕೇಳಿದ್ದರೂ ಹನ್ನೊಂದನೆಯ ದಿನಕ್ಕೆ ಊರು ಮುಟ್ಟುವುದು ಅನುಮಾನವಿತ್ತು. ಆ ರಾತ್ರಿ ಪಾಳಿಯನ್ನು ಬೇರೆಯವರಿಗೆ ಬಿಡು ಎಂದು ಸುಬೇದಾರ್ ಸಾಬ್ ಹೇಳಿದರು, ನಾನು ಒಪ್ಪಲಿಲ್ಲ. ಬೆಳಗಿನ ಜಾವದವರೆಗೆ ಪ್ರತಿ ಗಂಟೆಗೆ ಒಂದು ಸಾಲಿನಂತೆ ‘ವಿಶೇಷವೇನಿಲ್ಲ’ ಎಂಬ ವರದಿಯನ್ನು ಬರೆದೆ. ಆ ಪುಟ ಇನ್ನೂ ಯಾವುದಾದರೂ ಕಡತದಲ್ಲಿ ಇದ್ದರೆ, ಅದನ್ನು ಓದಿದವರಿಗೆ ಆ ರಾತ್ರಿ ವಿಶೇಷವೇನೂ ಇರಲಿಲ್ಲವೆಂದೇ ತಿಳಿಯುತ್ತದೆ.

90 ದಿನಗಳ ಸೇವೆ ಪೂರ್ಣವಾದವನು ವಿಶ್ವಸಂಸ್ಥೆಯ ಪದಕಕ್ಕೆ ಅರ್ಹನಾಗುತ್ತಾನೆ. ಅದರ ಹಿಂಬದಿಯಲ್ಲಿ ‘ಶಾಂತಿಯ ಸೇವೆಯಲ್ಲಿ’ ಎಂಬರ್ಥದ ಇಂಗ್ಲಿಷ್ ಬರಹವಿದೆ. ಪದಕ ತೊಡಿಸುವ ದಿನ ಬ್ಯಾಂಡು, ಬಡಾ ಖಾನಾ ಎಲ್ಲ ಇದ್ದವು. ಆದರೆ ಈ ಕೆಲಸ ಯಾಕಾಗಿ ಎಂಬುದು ನನಗೆ ಸ್ಪಷ್ಟವಾದದ್ದು ಅದರ ಬಳಿಕ, 2010ರ ಆಗಸ್ಟ್ 3ರಂದು, ಅದೈಸೆ ಎಂಬ ಗ್ರಾಮದ ಬಳಿ ಒಂದು ಮರದ ಕಾರಣದಿಂದ. ಇಸ್ರೇಲಿನ ಬೇಲಿ ಕೆಲವೆಡೆ ನೀಲಿ ರೇಖೆಗಿಂತ ಹಿಂದೆ ಇದೆ; ಬೇಲಿಗೂ ಗೆರೆಗೂ ನಡುವೆ ಉಳಿಯುವ ನೆಲ ಲೆಬನಾನಿನ ಕಡೆ ಬೇಲಿಯ ಹೊರಗಿದ್ದರೂ ಗೆರೆಯ ಇಸ್ರೇಲಿನ ಬದಿಯದೇ. ಅಲ್ಲಿದ್ದ ಮರವನ್ನು ಕಡಿಯಲು ಇಸ್ರೇಲಿನ ಸೈನಿಕರು ಬೇಲಿಯ ಮೇಲಿನಿಂದ ಯಂತ್ರವನ್ನು ಚಾಚಿದರು, ಲೆಬನಾನಿನ ಸೈನಿಕರು ಮರ ತಮ್ಮದೆಂದರು, ಗುಂಡು ಹಾರಿತು, ಎರಡೂ ಕಡೆ ಸೈನಿಕರು ಸತ್ತರು, ಪತ್ರಕರ್ತರೊಬ್ಬರೂ ಸತ್ತರು. ಮರ ರೇಖೆಯ ದಕ್ಷಿಣಕ್ಕಿತ್ತೆಂದು ವಿಶ್ವಸಂಸ್ಥೆಯ ಪಡೆ ಅಳತೆ ನೋಡಿ ಹೇಳಿತು. ನಮ್ಮ ಠಾಣೆ ಅಲ್ಲಿಂದ ದೂರವಿತ್ತು, ರೇಡಿಯೋದಲ್ಲಿ ಕೇಳಿದ್ದಷ್ಟೇ. ಆ ಹೊತ್ತಿನಲ್ಲಿ ಎಲ್ಲ ಠಾಣೆಗಳಿಂದಲೂ ಒಂದೇ ಬಗೆಯ ಪ್ರಶ್ನೆ ಹರಿದಾಡುತ್ತಿತ್ತು: ಮರ ಎಲ್ಲಿದೆ, ಯಾವ ಪೀಪಾಯಿಯಿಂದ ಎಷ್ಟು ಮೀಟರ್. ಸುಬೇದಾರ್ ಸಾಬ್ ನನ್ನ ಹಿಂದೆ ನಿಂತು ಕೇಳುತ್ತಿದ್ದರು, ಏನೂ ಹೇಳಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾದ ಹೆದರಿಕೆಯಿಂದ ನಮ್ಮದೇ ರಾಜ್ಯಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ತಲಪಾಡಿಯಲ್ಲಿ ನಿಂತದ್ದನ್ನು ನೀವೆಲ್ಲ ಬಲ್ಲಿರಿ. ಅದಕ್ಕೂ ಲೆಬನಾನಿಗೂ ಹೋಲಿಕೆ ಮಾಡಬಾರದು, ಮಾಡುವುದೂ ಇಲ್ಲ. ಆದರೆ ಆ ದಿನಗಳಲ್ಲಿ ನಾನು ನಿವೃತ್ತನಾಗಿ ಮನೆಯಲ್ಲಿದ್ದವನು ಗಡಿಯ ಒಂದು ಒಳರಸ್ತೆಗೆ ಹೋಗಿ, ಮಣ್ಣಿನ ರಾಶಿ ಎಷ್ಟು ಎತ್ತರವಿದೆ, ಎಷ್ಟು ಹೊತ್ತಿಗೆ ಯಾವ ಗಾಡಿ ಬಂದು ತಿರುಗಿತು ಎಂದು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಯಾರೂ ಕೇಳಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೆ.

ಆ ಪಡೆಯ ಇಂದಿನ ಸ್ಥಿತಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. 2024ರ ಯುದ್ಧದಲ್ಲಿ ಶಾಂತಿಪಡೆಯ ಠಾಣೆಗಳಿಗೂ ಹೊಡೆತ ಬಿತ್ತು, ಕೆಲವರು ಗಾಯಗೊಂಡರು, ಆದರೂ ಅವರು ಠಾಣೆ ಬಿಟ್ಟು ಕದಲಲಿಲ್ಲ. 2025ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ 2790ನೆಯ ನಿರ್ಣಯದ ಮೂಲಕ 2026ರ ಡಿಸೆಂಬರ್ 31ರವರೆಗೆ ಕೊನೆಯ ಬಾರಿಗೆ ಅವಧಿಯನ್ನು ವಿಸ್ತರಿಸಿ, ಆ ಬಳಿಕ ಒಂದು ವರ್ಷದೊಳಗೆ ಪಡೆಯನ್ನು ಹಿಂತೆಗೆಯಬೇಕೆಂದು ತೀರ್ಮಾನಿಸಿತು. ಇಷ್ಟು ವರ್ಷ ಬರೆದ ಪುಸ್ತಕಗಳಿಂದ ಯುದ್ಧ ನಿಂತಿತೇ ಎಂದು ಯುವಕನೊಬ್ಬ ಅಂದು ಕೇಳಿದ. ನಿಲ್ಲಲಿಲ್ಲ ಎಂದೆ. ನಿಲ್ಲದ ಯುದ್ಧಗಳ ಲೆಕ್ಕ ಅಲ್ಲಿದೆ. ನಡೆಯದೆ ಹೋದ ಜಗಳಗಳ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲವಾದುದರಿಂದ ಅವನಿಗೆ ತೋರಿಸಲು ನನ್ನ ಬಳಿ ಬೇರೇನೂ ಇರಲಿಲ್ಲ.

ಸಭೆ ಮುಗಿದ ಮೇಲೆ ಒಬ್ಬರು ತಾಯಿ ಬಳಿಗೆ ಬಂದರು. ಅವರ ಮಗ ಮುಂದಿನ ತಿಂಗಳು ದಕ್ಷಿಣ ಸುಡಾನಿಗೆ ಹೋಗುವ ತಂಡದಲ್ಲಿದ್ದಾನೆ. ಚೀಲದಲ್ಲಿ ಏನು ಹಾಕಿಕೊಡಲಿ ಎಂದು ಕೇಳಿದರು. ಹಲಸಿನ ಹಪ್ಪಳ ಹುಡಿಯಾಗುತ್ತದೆ, ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡ, ಸೂಜಿ ನೂಲು ಮತ್ತು ಉಗುರು ಕತ್ತರಿ ಮರೆಯಬೇಡಿ, ಕನ್ನಡಕ ಹಾಕುವವನಾದರೆ ಎರಡು ಜೊತೆ ಇರಲಿ ಎಂದೆ. ಫೋನು ಮಾಡಿದಾಗ ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳಬೇಡಿ, ತೋಟದ ಸುದ್ದಿ ಹೇಳಿ ಎಂದೆ. “ಅಲ್ಲಿಗೂ ಇಲ್ಲಿಗೂ ಹೊತ್ತು ಎಷ್ಟು ವ್ಯತ್ಯಾಸ ಅಣ್ಣ?” ಎಂದು ಕೇಳಿದರು. ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ನಮ್ಮ ರಾತ್ರಿ ಒಂಬತ್ತು ಎಂದರೆ ಅವನಿಗೆ ಸಂಜೆ ಐದೂವರೆ ಎಂದೆ. ಅವರು ನನ್ನ ಕಿಸೆಯಿಂದ ಪೆನ್ನು ಕೇಳಿ ತೆಗೆದುಕೊಂಡು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ‘ಒಂಬತ್ತು – ಐದೂವರೆ’ ಎಂದು ಬರೆದು, ಅದರ ಕೆಳಗೆ ಒಂದು ಗೆರೆ ಎಳೆದು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.